ಗಂಜಿ ಬಿಟ್ಟು ಇಪ್ಪತ್ತೊಂದು ಕಿಲೋಮೀಟರ್

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆದರೆ ಯಾವ ಊಟ, ಯಾರಿಗೆ, ಯಾವಾಗ ಎಂಬುದೇ ಇಂದು ದೊಡ್ಡ ಪ್ರಶ್ನೆಯಾಗಿದೆ. ಕೆಲವು ಸಮಯದ ಹಿಂದೆ ಭಾನುವಾರದ ಪೂಜೆ ಮುಗಿಸಿ ಹೊರಗೆ ಬರುತ್ತಿದ್ದಾಗ ನಮ್ಮ ವಾರ್ಡಿನ ತಾಯಿಯೊಬ್ಬರು ಕೈಹಿಡಿದು ನಿಲ್ಲಿಸಿದರು. "ನಿಮ್ಮವರನ್ನು ನೋಡಿ ನಮ್ಮ ಹುಡುಗನೂ ಅನ್ನ ಬಿಟ್ಟಿದ್ದಾನೆ. ಕೀಟೋ ಅಂತೆ. ಮುಂದಿನ ವರ್ಷ ಅವನೂ ಓಟಕ್ಕೆ ಹೆಸರು ಕೊಡುತ್ತಾನಂತೆ" ಎಂದರು. ಹುಡುಗ ಕಾಮಾಲೆಯಿಂದ ಎದ್ದು ಇನ್ನೂ ತಿಂಗಳು ತುಂಬಿರಲಿಲ್ಲ. ಅವರು ಸಂತೋಷದಿಂದಲೇ ಹೇಳಿದರು. ಕೇಳಿದ ನಮ್ಮ ಎದೆ ಮಾತ್ರ ಧಸಕ್ಕೆಂದಿತು.

ನಮ್ಮ ಮನೆಯವರು 2024ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಅರ್ಧ ಮ್ಯಾರಥಾನ್ ಓಡಿದ್ದನ್ನು ಇಡೀ ಊರು ಬಲ್ಲದು. ಅದಕ್ಕೆ ಮುಂಚಿನ ಹದಿನಾರು ತಿಂಗಳ ಕಥೆಯನ್ನು ಬಲ್ಲವರು ಕಡಿಮೆ. ಓಟವನ್ನು ನೋಡಿದವರು ದಾರಿಯನ್ನೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಜ್ವರ ಬಂದ ಮಳೆಗಾಲ

2023ರ ಜುಲೈ ತಿಂಗಳು. ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿ. ಬಿದ್ದ ಅಡಿಕೆ ಹಾಳೆಗಳಲ್ಲಿ, ತೆಂಗಿನ ಗೆರಟೆಗಳಲ್ಲಿ, ಕೊಟ್ಟಿಗೆಯ ಹಿಂದಿನ ಹಳೆಯ ಟಯರಿನಲ್ಲಿ ನೀರು ನಿಂತಿತ್ತು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕಿಲ್ಲ. ಮನೆಯವರಿಗೆ ಜ್ವರ ಹಿಡಿಯಿತು. ಕಣ್ಣಿನ ಹಿಂದೆ ನೋವು, ಎಲುಬು ಮುರಿದಂತಹ ಮೈನೋವು. ಆರು ದಿನ ಆಸ್ಪತ್ರೆಯಲ್ಲಿದ್ದೆವು. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದು, ದೇವರ ದಯೆಯಿಂದ ಮತ್ತೆ ಏರಿತು.

ಅಲ್ಲಿ ಮಾಡಿದ ರಕ್ತಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಜ್ವರವಿದ್ದಾಗ ಸಕ್ಕರೆ ತಾತ್ಕಾಲಿಕವಾಗಿ ಏರುವುದುಂಟು. ಆದುದರಿಂದ ಡಾಕ್ಟರು ಎಚ್‌ಬಿಎ1ಸಿ ಎಂಬ ಪರೀಕ್ಷೆಯನ್ನೂ ಮಾಡಿಸಿದರು. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಇದು ತೋರಿಸುತ್ತದೆ. 6.5 ದಾಟಿದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಇವರಿಗೆ 8.4 ಇತ್ತು. ವಯಸ್ಸು 49, ತೂಕ 82 ಕಿಲೋ, ರಕ್ತದೊತ್ತಡಕ್ಕೆ ನಾಲ್ಕು ವರ್ಷದಿಂದ ಮಾತ್ರೆ. ಅದರ ಜೊತೆಗೆ ಮೆಟ್‌ಫಾರ್ಮಿನ್ ಮಾತ್ರೆಯೂ ಸೇರಿತು.

ದಿನವಿಡೀ ತೋಟದಲ್ಲಿ ದುಡಿಯುವವರಿಗೆ ಸಕ್ಕರೆ ಕಾಯಿಲೆ ಬಾರದು ಎಂದು ನಾವು ನಂಬಿದ್ದೆವು. ಅದು ಪಟ್ಟಣದವರ ಕಾಯಿಲೆಯಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮ ದೇಶದ ವಯಸ್ಕರಲ್ಲಿ 11.4 ಶೇಕಡಾ, ಅಂದರೆ ಸುಮಾರು ಹತ್ತು ಕೋಟಿ ಮಂದಿಗೆ ಈ ಕಾಯಿಲೆಯಿದೆ. ನಮ್ಮ ಕೆಲಸಗಳೂ ಬದಲಾಗಿವೆ. ನೀರೆತ್ತಲು ಪಂಪು, ಹುಲ್ಲು ಕತ್ತರಿಸಲು ಯಂತ್ರ, ಪೇಟೆಗೆ ಹೋಗಲು ಸ್ಕೂಟರ್ ಬಂದಿವೆ. ಆದರೆ ಬಟ್ಟಲಿನ ಅನ್ನ ಮಾತ್ರ ಅಜ್ಜನ ಕಾಲದ ಅಳತೆಯಲ್ಲೇ ಉಳಿದಿದೆ.

ಬಿದ್ದು ಕಲಿತ ಪಾಠ

ಆಸ್ಪತ್ರೆಯಿಂದ ಬಂದು ಮೂರು ವಾರವೂ ಆಗಿರಲಿಲ್ಲ. ಗಲ್ಫಿನಲ್ಲಿರುವ ಸೋದರಳಿಯ ಫೋನು ಮಾಡಿ, "ಮಾವ, ಅನ್ನ ಬಿಟ್ಟುಬಿಡಿ. ಮೂರು ತಿಂಗಳಲ್ಲಿ ಶುಗರ್ ಮಾಯ" ಎಂದ. ದಿನಕ್ಕೆರಡು ವೀಡಿಯೋ ಕಳುಹಿಸಿದ. ಮರುದಿನದಿಂದಲೇ ಇವರು ಗಂಜಿ, ದೋಸೆ, ಬಾಳೆಹಣ್ಣು, ಬೆಲ್ಲದ ಚಹಾ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಿದರು. ಐದು ದಿನಗಳಲ್ಲಿ ಎರಡೂವರೆ ಕಿಲೋ ಇಳಿಯಿತು. ಇವರ ಮುಖ ಅರಳಿತು.

ಆರನೆಯ ದಿನ ಬೆಳಿಗ್ಗೆ ತೋಟಕ್ಕೆ ಹೋದವರು, ಬಗ್ಗಿ ಅಡಿಕೆ ಹೆಕ್ಕಿ ಎದ್ದು ನಿಂತಾಗ ತಲೆಸುತ್ತಿ ಬಿದ್ದರು. ಹಣೆಗೆ ಎರಡು ಹೊಲಿಗೆ ಬಿತ್ತು. ರಕ್ತದೊತ್ತಡ ನೋಡಿದರೆ 90/60!

ಡಾಕ್ಟರು ಬೈಯಲಿಲ್ಲ, ಕಾರಣವನ್ನು ಬಿಡಿಸಿ ಹೇಳಿದರು. ನಮ್ಮ ದೇಹವು ಪಿಷ್ಟವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಮಾಂಸಖಂಡಗಳಲ್ಲೂ ಲಿವರಿನಲ್ಲೂ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್‌ನೊಡನೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಅನ್ನ ನಿಂತಾಗ ಈ ದಾಸ್ತಾನು ಕರಗಿ ನೀರು ಹೊರಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಉಪ್ಪನ್ನೂ ಹೆಚ್ಚಾಗಿ ಹೊರಹಾಕುತ್ತವೆ. ಮೊದಲ ವಾರ ಇಳಿದ ತೂಕ ಬಹುಪಾಲು ನೀರು, ಕೊಬ್ಬಲ್ಲ.

ಇನ್ನೊಂದು ವಿಷಯ ನಮಗೆ ಹೊಳೆದಿರಲಿಲ್ಲ. ನಮ್ಮ ಗಂಜಿಯೂಟವೆಂದರೆ ಬರೀ ಅಕ್ಕಿಯಲ್ಲ. ಅದರಲ್ಲಿ ನೀರಿದೆ, ಉಪ್ಪಿದೆ, ಜೊತೆಗೆ ಉಪ್ಪಿನಕಾಯಿಯಿದೆ, ಒಣಮೀನಿನ ಚಟ್ನಿಯಿದೆ. ಗಂಜಿ ಬಿಟ್ಟಾಗ ಅವೆಲ್ಲವೂ ಒಟ್ಟಿಗೆ ನಿಂತವು. ರಕ್ತದೊತ್ತಡದ ಮಾತ್ರೆ ಮಾತ್ರ ಮೊದಲಿನಂತೆಯೇ ನಡೆಯುತ್ತಿತ್ತು. ಡೆಂಗ್ಯೂ ಜ್ವರದ ನಿಶ್ಶಕ್ತಿಯೂ ಇನ್ನೂ ಇಳಿದಿರಲಿಲ್ಲ. ಬೀಳದೆ ಇನ್ನೇನು?

"ಮೊದಲು ಬಲ ಬರಲಿ. ಆಮೇಲೆ ಪಥ್ಯ. ಬೆವರು ಸುರಿಸುವ ವ್ಯಾಯಾಮ ಕೊನೆಗೆ. ಮೂರನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಕೈಗೆ ಬರುವುದಿಲ್ಲ" ಎಂದರು ಡಾಕ್ಟರು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೂ ಅದನ್ನೇ.

ಕೀಟೋ ಎಂದರೇನು?

ಕೀಟೋ ಎಂಬುದು ಮೊನ್ನೆ ಮೊನ್ನೆ ಹುಟ್ಟಿದ ಫ್ಯಾಶನ್ ಅಲ್ಲ, ತೂಕ ಇಳಿಸಲು ಹುಟ್ಟಿದ್ದೂ ಅಲ್ಲ. ಉಪವಾಸವಿದ್ದಾಗ ಅಪಸ್ಮಾರದ ಸೆಳೆತ ಕಡಿಮೆಯಾಗುತ್ತದೆ ಎಂಬುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಆದರೆ ಯಾರನ್ನೂ ಸದಾ ಉಪವಾಸವಿಡಲಾಗುವುದಿಲ್ಲವಲ್ಲ! 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ರಸೆಲ್ ವೈಲ್ಡರ್ ಎಂಬವರು ಒಂದು ಉಪಾಯ ಸೂಚಿಸಿದರು. ಪಿಷ್ಟ ಮತ್ತು ಸಕ್ಕರೆಯನ್ನು ತೀರಾ ಕಡಿಮೆ ಮಾಡಿ, ಕೊಬ್ಬನ್ನು ಹೆಚ್ಚಿಸಿದರೆ ದೇಹವು ಉಪವಾಸದಲ್ಲಿರುವಂತೆಯೇ ನಡೆದುಕೊಳ್ಳುತ್ತದೆ. ಲಿವರು ಕೊಬ್ಬನ್ನು ಒಡೆದು ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಮೆದುಳೂ ಹೃದಯವೂ ಅವನ್ನು ಉರುವಲಾಗಿ ಬಳಸುತ್ತವೆ. ಅವರೇ ಇದಕ್ಕೆ ಕೀಟೋಜೆನಿಕ್ ಆಹಾರ ಎಂದು ಹೆಸರಿಟ್ಟರು.

1938ರಲ್ಲಿ ಫೆನಿಟಾಯಿನ್ ಮಾತ್ರೆ ಬಂದ ಮೇಲೆ ಈ ಪಥ್ಯ ಮೂಲೆಗೆ ಸರಿಯಿತು. ಆದರೆ ಮಾತ್ರೆಗೆ ಬಗ್ಗದ ಅಪಸ್ಮಾರವಿರುವ ಮಕ್ಕಳಿಗೆ ಇಂದಿಗೂ ಆಸ್ಪತ್ರೆಗಳಲ್ಲಿ ಇದನ್ನು ಕೊಡುತ್ತಾರೆ. ಲಂಡನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪಥ್ಯ ಮಾಡಿದ ಮಕ್ಕಳಲ್ಲಿ 38 ಶೇಕಡಾ ಮಂದಿಗೆ ಸೆಳೆತ ಅರ್ಧಕ್ಕಿಂತಲೂ ಕೆಳಗಿಳಿಯಿತು. ಪಥ್ಯ ಮಾಡದವರಲ್ಲಿ ಹಾಗಾದದ್ದು 6 ಶೇಕಡಾ ಮಂದಿಗೆ ಮಾತ್ರ. ಅಂದರೆ ಇದು ಔಷಧಿಯಷ್ಟೇ ಬಲವಾದ ಪಥ್ಯ. ಔಷಧಿಯಂತೆಯೇ ಕೇಳಿ, ಅಳೆದು, ಪರೀಕ್ಷಿಸಿ ತೆಗೆದುಕೊಳ್ಳಬೇಕಾದದ್ದು.

ದೊಡ್ಡವರು ಮಾಡುವ ಕೀಟೋ ಊಟದಲ್ಲಿ ದಿನಕ್ಕೆ ಪಿಷ್ಟ, ಸಕ್ಕರೆ ಸೇರಿ 20ರಿಂದ 50 ಗ್ರಾಂ ಮಾತ್ರ. ನೂರು ಗ್ರಾಂ ಅಕ್ಕಿಯಲ್ಲಿಯೇ ಸುಮಾರು 78 ಗ್ರಾಂ ಇದೆ ಎಂದರೆ ಲೆಕ್ಕ ಅರ್ಥವಾದೀತು.

ಬಚ್ಚಲ ಒಲೆಯ ಲೆಕ್ಕ

ಹೀಗೆ ಅನ್ನವಿಲ್ಲದೆ ಓಡಲು ಸಾಧ್ಯವೇ? ನಮ್ಮ ಬಚ್ಚಲ ಒಲೆಯನ್ನು ನೆನೆಸಿಕೊಳ್ಳಿ. ಒಣಗಿದ ತೆಂಗಿನ ಮಡಲು ಥಟ್ಟನೆ ಹತ್ತಿಕೊಂಡು ಭಗ್ಗೆಂದು ಉರಿಯುತ್ತದೆ, ಬೇಗನೆ ಮುಗಿಯುತ್ತದೆ. ಹಲಸಿನ ಕೊರಡು ನಿಧಾನವಾಗಿ ಹತ್ತಿದರೂ ಇರುಳಿಡೀ ಕೆಂಡ ಹಿಡಿದಿರುತ್ತದೆ. ಪಿಷ್ಟವು ಮಡಲಿನ ಹಾಗೆ, ಕೊಬ್ಬು ಕೊರಡಿನ ಹಾಗೆ.

ಒಂದು ಕಿಲೋಮೀಟರ್ ಓಡಲು, ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋ ಕ್ಯಾಲೊರಿ ಬೇಕು. ಅರ್ಧ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್. 70 ಕಿಲೋ ತೂಕದವರಿಗೆ ಸುಮಾರು 1,500 ಕಿಲೋ ಕ್ಯಾಲೊರಿ ಖರ್ಚು. ಚೆನ್ನಾಗಿ ಅನ್ನ ಉಂಡವರ ಗ್ಲೈಕೋಜನ್ ದಾಸ್ತಾನು 1,600ರಿಂದ 2,000ದವರೆಗೆ ಇರುತ್ತದೆ. ಅದೇ ಹತ್ತು ಕಿಲೋ ಕೊಬ್ಬಿನಲ್ಲಿ 75 ಸಾವಿರಕ್ಕೂ ಹೆಚ್ಚು ಇದೆ. ಕೊರಡಿಗೆ ಬರವಿಲ್ಲ, ಅದನ್ನು ಹತ್ತಿಸುವ ಅಭ್ಯಾಸ ಬೇಕಷ್ಟೆ.

ಈ ಅಭ್ಯಾಸ ಸಾಧ್ಯವೆಂದು 1983ರಲ್ಲಿ ಅಮೆರಿಕದ ಡಾ. ಸ್ಟೀಫನ್ ಫಿನ್ನಿ ತೋರಿಸಿಕೊಟ್ಟರು. ಐವರು ಸೈಕಲ್ ಸ್ಪರ್ಧಿಗಳಿಗೆ ನಾಲ್ಕು ವಾರ ಈ ಆಹಾರ ಕೊಟ್ಟ ಮೇಲೂ ಅವರು ಸುಸ್ತಾಗುವವರೆಗೆ ಸೈಕಲ್ ತುಳಿದ ಅವಧಿ ಮೊದಲಿನಷ್ಟೇ ಇತ್ತು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬಹಳ ಕಾಲದಿಂದ ಕೀಟೋ ಊಟದಲ್ಲಿದ್ದ ದೂರದ ಓಟಗಾರರು ನಿಮಿಷಕ್ಕೆ 1.54 ಗ್ರಾಂವರೆಗೆ ಕೊಬ್ಬನ್ನು ಉರಿಸುತ್ತಿದ್ದರು. ಅನ್ನ, ರೊಟ್ಟಿ ತಿನ್ನುವ ಓಟಗಾರರಲ್ಲಿ ಅದು 0.67 ಗ್ರಾಂ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಅಷ್ಟೇ ಶಕ್ತಿಗೆ ಕೊಬ್ಬು ಹೆಚ್ಚು ಆಮ್ಲಜನಕ ಬೇಡುತ್ತದೆ. ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೇಗದ ನಡಿಗೆಯ ಉನ್ನತ ಸ್ಪರ್ಧಿಗಳನ್ನು ಮೂರು ವಾರ ತರಬೇತಿಗೊಳಿಸಿ ನೋಡಿದರು. ಪಿಷ್ಟ ತಿಂದವರು ಹತ್ತು ಕಿಲೋಮೀಟರ್ ನಡಿಗೆಯಲ್ಲಿ ಸುಧಾರಿಸಿದರು, ಕೀಟೋ ಮಾಡಿದವರು ಸುಧಾರಿಸಲಿಲ್ಲ. ಜಗತ್ತನ್ನೇ ಗೆದ್ದ ಕೆನ್ಯಾದ ಓಟಗಾರರ ಊಟವನ್ನು ಅಳೆದಾಗ, ಮುಕ್ಕಾಲು ಪಾಲು ಶಕ್ತಿ ಪಿಷ್ಟದಿಂದ ಬರುತ್ತಿತ್ತು. ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ ಅವರ ಮುಖ್ಯ ಆಹಾರ. ಆದುದರಿಂದ ಕೀಟೋ ಮಾಡಿದರೆ ವೇಗ ಬರುತ್ತದೆ ಎಂಬ ಮಾತನ್ನು ನಂಬಬೇಡಿ. ನಿಧಾನವಾಗಿ ದೂರ ಓಡಲು ಅದು ಅಡ್ಡಿಯಾಗದು, ಅಷ್ಟೆ.

ನಮ್ಮ ಅಡುಗೆಮನೆಯಲ್ಲಿ

ಬಿದ್ದ ಮೇಲೆ ಐದು ತಿಂಗಳು ನಾವು ಪಥ್ಯದ ಮಾತೆತ್ತಲಿಲ್ಲ. ಅನ್ನ ಮೊದಲಿನ ಅರ್ಧದಷ್ಟಾಯಿತು, ಬೇಳೆ, ಮೀನು, ತರಕಾರಿ ಹೆಚ್ಚಾಯಿತು. 2024ರ ಜನವರಿಯಲ್ಲಿ, ಲಿವರು ಮತ್ತು ಮೂತ್ರಪಿಂಡದ ಪರೀಕ್ಷೆ ಸರಿಯಿದೆ ಎಂದ ಮೇಲೆ, ಡಾಕ್ಟರ ಒಪ್ಪಿಗೆಯಿಂದ ಕೀಟೋ ಸುರುಮಾಡಿದೆವು. ರಕ್ತದೊತ್ತಡದ ಮಾತ್ರೆಯನ್ನು ಅವರೇ ಅರ್ಧಕ್ಕಿಳಿಸಿದರು.

ಬೆಳಿಗ್ಗೆ ಎರಡು ಮೊಟ್ಟೆ, ಹರಿವೆ ಸೊಪ್ಪಿನ ಪಲ್ಯ. ಮಧ್ಯಾಹ್ನ ಬಂಗುಡೆ ಅಥವಾ ಬೂತಾಯಿ ಸಾರು, ಬೆಂಡೆ, ಅಲಸಂಡೆ, ಮೊಸರು. ಸಂಜೆ ಒಂದು ಹಿಡಿ ನೆಲಗಡಲೆ. ರಾತ್ರಿ ಕೋಳಿ ಅಥವಾ ಮೊಟ್ಟೆ, ಕ್ಯಾಬೇಜ್ ಪಲ್ಯ. ಮಜ್ಜಿಗೆಗೆ ಉಪ್ಪು ಹಾಕಿ ದಿನಕ್ಕೆರಡು ಲೋಟ. ಮರಗೆಣಸು, ಹಲಸು, ಬಾಳೆಹಣ್ಣು, ಬೆಲ್ಲ ಬಂದ್.

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದೇ ಮನೆಯಲ್ಲಿ ಎರಡು ಅಡುಗೆ. ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧವಾದಾಗ ಮೀನಿನ ಬೆಲೆ ಗಗನಕ್ಕೇರಿತು. ಮೊದಲ ತಿಂಗಳು ಮಲಬದ್ಧತೆ ಕಾಡಿತು. ತೆಂಗು ನಮ್ಮದೇ ಎಂದು ಎಲ್ಲದಕ್ಕೂ ಧಾರಾಳವಾಗಿ ಎಣ್ಣೆ ಸುರಿದೆವು. ಮೂರು ತಿಂಗಳಿಗೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 118ರಿಂದ 164ಕ್ಕೆ ಏರಿತು! ತೆಂಗಿನೆಣ್ಣೆಯ 80 ಶೇಕಡಾಕ್ಕೂ ಹೆಚ್ಚು ಭಾಗ ಸ್ಯಾಚುರೇಟೆಡ್ ಕೊಬ್ಬು ಎಂದು ಡಾಕ್ಟರು ಎಚ್ಚರಿಸಿದರು. ಅದನ್ನು ಕಡಿಮೆ ಮಾಡಿ ನೆಲಗಡಲೆ ಎಣ್ಣೆ ಮತ್ತು ಬೂತಾಯಿಗೆ ಒತ್ತು ಕೊಟ್ಟ ಮೇಲೆ ಅದು ಇಳಿಯಿತು.

ಸೆಪ್ಟೆಂಬರ್ 8ರ ತೆನೆಹಬ್ಬದಂದು ಮಾತ್ರ ಹೊಸ ಅಕ್ಕಿಯ ಪಾಯಸಕ್ಕೂ ಊಟಕ್ಕೂ ಇವರು ಬೇಡ ಎನ್ನಲಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ದಿನ. ಮರುದಿನ ತೂಕ ಒಂದೂವರೆ ಕಿಲೋ ಏರಿತ್ತು. ಅದು ನೀರೆಂದು ಈಗ ಗೊತ್ತಿದ್ದುದರಿಂದ ಯಾರೂ ಗಾಬರಿಯಾಗಲಿಲ್ಲ.

ನಡಿಗೆಯಿಂದ ಓಟಕ್ಕೆ

ವೈರಸ್ ಜ್ವರಗಳು ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಊತ ತರುತ್ತವೆ, ಡೆಂಗ್ಯೂ ಕೂಡ. ಅಂಥವರು ಅವಸರದಿಂದ ಓಡಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಅಪಾಯ. ಆದುದರಿಂದ ಇಸಿಜಿ ಮಾಡಿಸಿದ ಮೇಲೆಯೇ 2023ರ ಅಕ್ಟೋಬರ್‌ನಲ್ಲಿ ಮೊದಲ ನಡಿಗೆ ಸುರುವಾಯಿತು. ದಿನಕ್ಕೆ ಇಪ್ಪತ್ತೇ ನಿಮಿಷ. ಡಿಸೆಂಬರ್ ಹೊತ್ತಿಗೆ ಒಂದು ಗಂಟೆ. ಪಥ್ಯ ಸುರುವಾದ ಮೊದಲ ಆರು ವಾರ ನಡಿಗೆಯನ್ನು ಹೆಚ್ಚಿಸಲಿಲ್ಲ. ಒಂದು ಹೊಸತು ಮೈಗೂಡಿದ ಮೇಲೆ ಇನ್ನೊಂದು.

ಮಾರ್ಚ್‌ನಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮಾತಾಡುತ್ತಾ ಓಡಲು ಆಗುವಷ್ಟೇ ವೇಗ. ಉಸಿರು ಕಟ್ಟಿ ಮಾತು ನಿಂತರೆ ನಡಿಗೆಗೆ ಇಳಿಯಬೇಕು. ನೆರೆಮನೆಯ ಹಿರಿಯರು ಅಂಗಳದಿಂದಲೇ, "ಎಂತ ಮಾರಾಯ್ರೆ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರಾ?" ಎಂದು ಕೇಳುತ್ತಿದ್ದರು. "ಹೌದು ಮಾರಾಯ್ರೆ, ಸಕ್ಕರೆ ಕಾಯಿಲೆ" ಎನ್ನುತ್ತಿದ್ದರು ಇವರು. ಜುಲೈಗೆ ಹತ್ತು ಕಿಲೋಮೀಟರ್, ಅಕ್ಟೋಬರ್‌ಗೆ ಹದಿನಾರು. ತೂಕ 71ಕ್ಕೆ ಬಂತು. ಎಚ್‌ಬಿಎ1ಸಿ 6.3.

ಓಟದ ದಿನ

ಬೆಳಕು ಹರಿಯುವ ಮುಂಚೆಯೇ ಓಟ ಸುರುವಾಯಿತು. ನಾವು ಸಂಜೀವಿನಿಯಂತೆ ಎರಡು ಬಾಳೆಹಣ್ಣು, ಒಆರ್‌ಎಸ್ ಪೊಟ್ಟಣ ಹಿಡಿದು ದಾರಿಬದಿಯಲ್ಲಿ ಕಾದಿದ್ದೆವು. ಹದಿನಾಲ್ಕು ಕಿಲೋಮೀಟರ್‌ವರೆಗೆ ಇವರು ಅಲುಗದೆ ಬಂದರು. ಹದಿನಾರರ ಹತ್ತಿರ ಕರಾವಳಿಯ ಸೆಖೆ ಏರಿದಂತೆ ಕಾಲು ಭಾರವಾಯಿತು, ಮುಖ ಬಿಳಿಚಿತು. ಏರುದಾರಿಗೆ ಕೊರಡಿನ ಕೆಂಡ ಸಾಲಲಿಲ್ಲ, ಸ್ವಲ್ಪ ಮಡಲು ಬೇಕಿತ್ತು. ಹಟ ಹಿಡಿಯದೆ ನಿಂತು ಒಂದು ಬಾಳೆಹಣ್ಣು ತಿಂದರು, ಒಆರ್‌ಎಸ್ ಕುಡಿದರು, ಒಂದು ಕಿಲೋಮೀಟರ್ ನಡೆದರು, ಮತ್ತೆ ಓಡಿದರು. 2 ಗಂಟೆ 41 ನಿಮಿಷದಲ್ಲಿ ಗುರಿ ಮುಟ್ಟಿದರು. ಗೆದ್ದವರು ಆಗಲೇ ಸ್ನಾನ ಮಾಡಿ ಉಪಾಹಾರ ಮುಗಿಸಿರಬೇಕು. ನಮಗೆ ಮಾತ್ರ ಆಸ್ಪತ್ರೆಯ ಆ ಆರು ರಾತ್ರಿಗಳು ಕಣ್ಣಮುಂದೆ ಬಂದು ಕಣ್ಣು ತುಂಬಿತು.

ಇಂದು ಇವರು ಕಟ್ಟುನಿಟ್ಟಿನ ಕೀಟೋದಲ್ಲಿಲ್ಲ. ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಕುಚ್ಚಿಲಕ್ಕಿ ಅನ್ನ ಉಣ್ಣುತ್ತಾರೆ. ಸಕ್ಕರೆ ಹತೋಟಿಯಲ್ಲಿದೆ. ಎಲ್ಲರೂ ಅನ್ನವನ್ನು ಪೂರ್ತಿ ಬಿಡಬೇಕೆಂದಿಲ್ಲ. ನಮ್ಮ ದೇಶದವರು ಸರಾಸರಿ 62 ಶೇಕಡಾ ಶಕ್ತಿಯನ್ನು ಪಿಷ್ಟದಿಂದಲೇ ಪಡೆಯುತ್ತಾರೆ. ಅದನ್ನು ಅರ್ಧದ ಆಸುಪಾಸಿಗೆ ಇಳಿಸಿ, ಬೇಳೆ, ಮೀನು, ಮೊಟ್ಟೆ ಹೆಚ್ಚಿಸಿದರೂ ಬಹಳ ಲಾಭವಿದೆ ಎಂದು ಇಲ್ಲಿನ ಅಧ್ಯಯನಗಳೇ ಹೇಳಿವೆ.

ಇವರು ಕೀಟೋ ಮಾಡಲೇಬಾರದು

1. ಕಾಮಾಲೆಯಿಂದ ಎದ್ದವರು, ಲಿವರಿನ ಕಾಯಿಲೆಯವರು. ಕೀಟೋನ್ ತಯಾರಾಗುವುದು ಲಿವರಿನಲ್ಲಿಯೇ. ಗಾಯಗೊಂಡ ಎತ್ತಿಗೆ ನೊಗ ಹೂಡಬಾರದು.

2. ಕ್ಷಯರೋಗದ ಚಿಕಿತ್ಸೆಯಲ್ಲಿರುವವರು. ಇವರಿಗೆ ತೂಕ ಇಳಿಯುವುದೇ ಶತ್ರು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ 5 ಶೇಕಡಾ ತೂಕ ಹೆಚ್ಚಿದವರಲ್ಲಿ ಸಾವಿನ ಅಪಾಯ 61 ಶೇಕಡಾ ಕಡಿಮೆಯಿತ್ತು. ಇವರು ಹೊಟ್ಟೆತುಂಬ ಉಣ್ಣಬೇಕು.

3. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು. ಇವುಗಳೊಡನೆ ಅನ್ನ ಬಿಟ್ಟರೆ, ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲವಾಗಿ ಪ್ರಾಣಾಪಾಯವಾಗಬಹುದು. ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಾತ್ರೆಯ ಹಾಳೆಯ ಮೇಲೆ ಈ ಹೆಸರಿದೆಯೇ ಎಂದು ಇಂದೇ ನೋಡಿ.

4. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡ ಅಥವಾ ಮೇದೋಜೀರಕ ಗ್ರಂಥಿಯ ಕಾಯಿಲೆಯವರು.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂತಹ ಮಾತ್ರೆಯವರು, ರಕ್ತದೊತ್ತಡದ ಮಾತ್ರೆಯವರು ಡಾಕ್ಟರನ್ನು ಕೇಳದೆ ಊಟ ಬದಲಿಸಬಾರದು. ಊಟ ಬದಲಾದರೆ ಮಾತ್ರೆಯ ಅಳತೆಯೂ ಬದಲಾಗಬೇಕು. ಆದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪು.

ಆ ದಿನ ಸಂಜೆಯೇ ನಮ್ಮ ಮನೆಯವರು ಆ ಹುಡುಗನ ಮನೆಗೆ ಹೋದರು. ಹಣೆಯ ಹೊಲಿಗೆಯ ಗುರುತನ್ನು ತೋರಿಸಿ, "ನನ್ನ ಪದಕವನ್ನು ನೋಡಿದೆಯಲ್ಲ, ಇದನ್ನೂ ನೋಡು ಮಗ" ಎಂದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾಯಿಯನ್ನು ಕರೆದು ಗಂಜಿ ಬಡಿಸಲು ಹೇಳಿದ. ಲಿವರಿನ ಪರೀಕ್ಷೆ ಸರಿಯಾಗುವವರೆಗೆ ಓಟದ ಮಾತಿಲ್ಲ, ಅದಾದ ಮೇಲೆ ಇಬ್ಬರೂ ಒಟ್ಟಿಗೆ ನಡಿಗೆಯಿಂದಲೇ ಆರಂಭಿಸುವುದು ಎಂದು ಒಪ್ಪಂದವಾಗಿದೆ.

ಓದುಗ ಬಂಧುಗಳೇ, ಕಾಯಿಲೆಯಿಂದ ಎದ್ದವರು ನಿಮ್ಮ ಮನೆಯಲ್ಲೂ ಇರಬಹುದು. ಅಡಿಕೆ ಸಸಿ ನೆಟ್ಟವರು ಮೊದಲ ಫಸಲಿಗೆ ಐದಾರು ವರ್ಷ ಕಾಯುತ್ತಾರೆ. ನಮ್ಮ ಮೈಗೂ ಕೆಲವು ತಿಂಗಳು ಕಾಯೋಣ.